ಸೊಂಟ ಬಿದ್ದ ನಾಯಿ ಮತ್ತು ದಯೆಯ ಮೊದಲ ಕೆಲಸ

ಹೊಸಪೇಟೆಯಿಂದ ಚಿತ್ರದುರ್ಗದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಕೂಡ್ಲಿಗಿಯ ಮಗ್ಗುಲಲ್ಲೇ ಹಾಯುತ್ತದೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ನಡುವಿನ ರಸ್ತೆಗಳೂ ಮೊದಲಿನ ಹಾಗೆ ಉಳಿದಿಲ್ಲ; ಡಾಂಬರು ನುಣುಪಾದಷ್ಟೂ ವಾಹನಗಳ ವೇಗ ಏರಿದೆ. ಈ ಬಯಲುಸೀಮೆಯಲ್ಲಿ ಕುರಿಹಿಂಡು ರಸ್ತೆ ದಾಟುವುದು, ಹಿಂಡಿನ ಹಿಂದೆ ನಾಯಿ ದಾಟುವುದು ದಿನನಿತ್ಯದ ಸಂಗತಿ. ಹಾಗೆ ದಾಟುವಾಗ ಲಾರಿಯ ಬಂಪರ್ ತಗುಲಿದ ನಾಯಿ ಒಮ್ಮೊಮ್ಮೆ ಸಾಯುವುದಿಲ್ಲ. ಮುಂಗಾಲುಗಳ ಬಲದಿಂದ ಹಿಂಭಾಗವನ್ನು ಎಳೆದುಕೊಂಡು ರಸ್ತೆ ಬದಿಯ ಜಾಲಿಯ ನೆರಳಿಗೆ ಬಂದು ಬೀಳುತ್ತದೆ. ಸುತ್ತ ಸೇರಿದವರ ಬಾಯಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, “ಪಾಪ, ಅದರ ಕರ್ಮ”. ಇನ್ನೊಂದು, “ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡ್ರಿ, ಪುಣ್ಯ ಬರ್ತೈತಿ”. ಎರಡನ್ನೂ ಆಡುವವರು ಕ್ರೂರಿಗಳಲ್ಲ. ಎರಡರ ಬೆನ್ನಿಗೂ ನಮ್ಮ ಧಾರ್ಮಿಕ ವಿಚಾರದ ದೊಡ್ಡ ಪರಂಪರೆಯೇ ಇದೆ. ಆದರೂ ಈ ಎರಡೂ ಮಾತುಗಳಲ್ಲಿ ಒಂದೇ ಕೊರತೆಯಿದೆ ಎಂಬುದು ನನ್ನ ವಾದ. ಎರಡೂ ನಾಯಿಯನ್ನು ನೋಡುವುದಕ್ಕೆ ಮೊದಲೇ ತೀರ್ಪು ಕೊಟ್ಟುಬಿಡುತ್ತವೆ. ದಯೆ ಧರ್ಮವಾಗಬೇಕಾದರೆ ಅದು ಮೊದಲು ಅರಿಯಬೇಕು. ಬೆನ್ನುಹುರಿಗೆ ಪೆಟ್ಟು ಬಿದ್ದ ನಾಯಿಯ ವಿಷಯದಲ್ಲಿ ಈ ಅರಿವು ಎಷ್ಟು ಹತ್ತಿರದಲ್ಲಿದೆ, ಎಷ್ಟು ಅಗ್ಗದಲ್ಲಿ ಸಿಗುತ್ತದೆ ಎಂದು ತಿಳಿದರೆ, ಅದಿಲ್ಲದೆ ಆಡುವ ಮಾತನ್ನು ಅಷ್ಟು ಸುಲಭವಾಗಿ ಕ್ಷಮಿಸಲಾಗುವುದಿಲ್ಲ.

ಮೊದಲು ದೇಹದ ಮಾತು. ನಾಯಿಯ ಕತ್ತಿನಲ್ಲಿ 7, ಎದೆಯ ಹಿಂದೆ 13, ಸೊಂಟದಲ್ಲಿ 7, ಅದರ ಹಿಂದಿನ ತ್ರಿಕದಲ್ಲಿ ಕೂಡಿಕೊಂಡ 3 ಕಶೇರುಗಳು, ಅಂದರೆ ಬೆನ್ನೆಲುಬಿನ ಮಣಿಗಳು, ಇರುತ್ತವೆ, ಆಮೇಲೆ ಬಾಲ. ಎದೆಯ ಭಾಗಕ್ಕೆ ಪಕ್ಕೆಲುಬುಗಳ ಆಸರೆಯಿದೆ, ಸೊಂಟದ ಭಾಗಕ್ಕೆ ಇಲ್ಲ. ಹೀಗಾಗಿ ಇವೆರಡೂ ಕೂಡುವ ಜಾಗದಲ್ಲೇ ಪೆಟ್ಟು ಹೆಚ್ಚು ಬೀಳುತ್ತದೆ, ಬೆನ್ನೆಲುಬಿನ ನಡುವಿನ ಬಿಲ್ಲೆ ಜಾರುವುದೂ ಅಲ್ಲೇ ಹೆಚ್ಚು. ಅಲ್ಲಿ ಹುರಿ ಜಜ್ಜಿದರೆ ಹಿಂಗಾಲು ನಿಲ್ಲುತ್ತವೆ, ಮೂತ್ರದ ಹಿಡಿತ ತಪ್ಪುತ್ತದೆ. ಆದರೆ ರಸ್ತೆಯಲ್ಲಿ ಬಿದ್ದ ನಾಯಿ ಹಿಂಗಾಲು ಎಳೆಯುತ್ತಿದೆ ಎಂದ ಮಾತ್ರಕ್ಕೆ ಹುರಿಯೇ ಹೋಗಿದೆ ಎನ್ನಲಾಗದು. ವಾಹನ ಬಡಿದ ನಾಯಿಗಳಲ್ಲಿ ಕಟಿಮೂಳೆ, ಅಂದರೆ ಹಿಂಗಾಲುಗಳನ್ನು ಹೊತ್ತಿರುವ ಉಂಗುರದಂಥ ಎಲುಬು, ಮುರಿಯುವುದು ಬಹಳ ಸಾಮಾನ್ಯ. ನೋಡುವವರ ಕಣ್ಣಿಗೆ ಅದೂ ‘ಸೊಂಟ ಬಿದ್ದ ನಾಯಿ’ಯೇ. ಅಂಥ ಎಷ್ಟೋ ನಾಯಿಗಳು ಶಸ್ತ್ರಚಿಕಿತ್ಸೆಯೇ ಇಲ್ಲದೆ, ಇಕ್ಕಟ್ಟಾದ ಜಾಗದಲ್ಲಿ ಆರೆಂಟು ವಾರ ಅಲುಗಾಡದಂತೆ ಇಟ್ಟು ಅನ್ನ ನೀರು ಕೊಟ್ಟರೆ ಎದ್ದು ಓಡಾಡುತ್ತವೆ. ಇನ್ನೊಂದು ಸಂಗತಿಯೂ ನೋಡುವವರನ್ನು ದಾರಿ ತಪ್ಪಿಸುತ್ತದೆ. ಎದೆ ಮತ್ತು ಸೊಂಟದ ನಡುವೆ ಹುರಿಗೆ ಜೋರು ಪೆಟ್ಟು ಬಿದ್ದಾಗ ಮುಂಗಾಲುಗಳು ಕೋಲಿನಂತೆ ಸೆಟೆದು ನಿಲ್ಲಬಹುದು, ಹಿಂಗಾಲು ಜೋತುಬೀಳಬಹುದು. ಷಿಫ್ ಮತ್ತು ಶೆರಿಂಗ್ಟನ್ ಎಂಬ ಇಬ್ಬರು ಶರೀರಶಾಸ್ತ್ರಜ್ಞರ ಹೆಸರಿನಲ್ಲಿ ವೈದ್ಯರು ಗುರುತಿಸುವ ಭಂಗಿ ಇದು. ಕಂಡವರು ‘ಪ್ರಾಣ ಹೋಗ್ತಾ ಇದೆ’ ಎಂದು ಕೈಬಿಡುತ್ತಾರೆ. ಆದರೆ ಆ ಭಂಗಿಯೊಂದನ್ನೇ ನೋಡಿ ನಾಯಿ ಉಳಿಯುವುದಿಲ್ಲ ಎನ್ನಲು ವೈದ್ಯಶಾಸ್ತ್ರ ಒಪ್ಪುವುದಿಲ್ಲ.

ಹಾಗಾದರೆ ಯಾವುದನ್ನು ನೋಡಬೇಕು? ಉತ್ತರ ಸರಳವಾಗಿದೆ, ಗಂಭೀರವಾಗಿಯೂ ಇದೆ. ವೈದ್ಯರು ನಾಯಿಯ ಹಿಂಗಾಲಿನ ಬೆರಳನ್ನು, ಎಲುಬಿಗೆ ತಾಗುವಷ್ಟು ಗಟ್ಟಿಯಾಗಿ, ಇಕ್ಕಳದಂಥ ಸಾಧನದಲ್ಲಿ ಒತ್ತುತ್ತಾರೆ. ಒತ್ತಿದಾಗ ಅವರ ಕಣ್ಣು ಕಾಲಿನ ಮೇಲೆ ಇರುವುದಿಲ್ಲ, ಮುಖದ ಮೇಲೆ ಇರುತ್ತದೆ. ಕಾಲು ತಟ್ಟನೆ ಹಿಂದೆ ಸರಿದರೂ ಅದಕ್ಕೆ ಬೆಲೆಯಿಲ್ಲ. ಹುರಿ ಪೂರ್ತಿ ತುಂಡಾಗಿದ್ದರೂ ತುಂಡಿನ ಕೆಳಗಿನ ಭಾಗ ತನ್ನಷ್ಟಕ್ಕೆ ಕಾಲನ್ನು ಎಳೆದುಕೊಳ್ಳಬಲ್ಲದು. ನಾಯಿ ತಿರುಗಿ ನೋಡಿತೇ, ಕುಂಯ್‌ಗುಟ್ಟಿತೇ, ಕಚ್ಚಲು ಬಂತೇ, ಕಣ್ಣು ಅಗಲಿಸಿತೇ, ಉಸಿರು ಬದಲಾಯಿತೇ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಬೆರಳಿನ ನೋವು ಮಿದುಳನ್ನು ಮುಟ್ಟಿದ್ದರೆ ಹುರಿಯಲ್ಲಿ ಎಲ್ಲೋ ಕೆಲವು ಎಳೆಗಳು ಇನ್ನೂ ಉಳಿದಿವೆ. ಇಲ್ಲಿ ತತ್ತ್ವಚಿಂತಕರು ಒಂದು ಗಳಿಗೆ ನಿಲ್ಲಬೇಕು. ಪ್ರಾಣಿ ಎಂದರೆ ಒಳಗೆ ಯಾರೂ ಇಲ್ಲದ ಯಂತ್ರ ಎಂದು 17ನೇ ಶತಮಾನದ ಡೆಕಾರ್ಟ್ ವಾದಿಸಿದ. ಚುಚ್ಚಿದರೆ ಕಾಲೆಳೆದುಕೊಳ್ಳುವುದು ಬರೀ ಯಂತ್ರದ ಚಲನೆ ಎಂದು ಅವನ ಹಿಂಬಾಲಕರು ನಂಬಿದರು. ಬೆನ್ನು ಮುರಿದ ನಾಯಿಯ ಮುಂದೆ ಕೂತ ವೈದ್ಯರು ಪ್ರತಿದಿನ ಯಂತ್ರವನ್ನೂ ಜೀವವನ್ನೂ ಬೇರೆ ಬೇರೆ ಮಾಡಿ ನೋಡುತ್ತಾರೆ. ಕಾಲೆಳೆತ ಯಂತ್ರದ್ದು. ತಿರುಗಿ ನೋಡುವುದು ನೋವನ್ನು ಉಣ್ಣುತ್ತಿರುವ ಒಬ್ಬನದು. ನೋವಿಗೆ ಒಡೆಯನೊಬ್ಬನಿದ್ದಾನೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಇನ್ನೊಂದು ಪರೀಕ್ಷೆ ನನಗೆ ಗೊತ್ತಿಲ್ಲ.

ಈ ಪರೀಕ್ಷೆಯಲ್ಲಿ ಸಾಮಾನ್ಯ ದಯೆಯ ಭಾಷೆ ತಲೆಕೆಳಗಾಗುತ್ತದೆ. ನೋವು ಕಂಡರೆ ಅದನ್ನು ಕೂಡಲೇ ತೆಗೆಯಬೇಕು ಅನಿಸುವುದು ಸಹಜ. ಇಲ್ಲಿ ನೋವು ಗೊತ್ತಾಗುವುದೇ ಶುಭಸೂಚನೆ, ಗೊತ್ತಾಗದಿರುವುದೇ ಭಯದ ಸಂಗತಿ. ಬಿಲ್ಲೆ ಜಾರಿ ಹಿಂಗಾಲು ನಿಂತ ನಾಯಿಗೆ ಬೆರಳಿನ ನೋವು ತಿಳಿಯುತ್ತಿದ್ದರೆ, ಶಸ್ತ್ರಚಿಕಿತ್ಸೆಯ ಬಳಿಕ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ನಾಯಿಗಳು ಮತ್ತೆ ನಡೆಯುತ್ತವೆ, ಬಹುಪಾಲು ಕೆಲವೇ ವಾರಗಳಲ್ಲಿ. ನೋವು ತಿಳಿಯದ ಸ್ಥಿತಿಗೆ ಹೋಗಿದ್ದರೆ ಸುಮಾರು ಅರ್ಧದಷ್ಟು. ವಾಹನದ ಪೆಟ್ಟಿಗೆ ಕಶೇರು ಮುರಿದು ಸರಿದು, ನೋವೂ ತಿಳಿಯದಿದ್ದರೆ ಹತ್ತರಲ್ಲಿ ಒಂದು ಎದ್ದರೆ ಹೆಚ್ಚು. ಶಸ್ತ್ರಚಿಕಿತ್ಸೆ ಎಂದರೆ ಪವಾಡವೇನೂ ಅಲ್ಲ. ಬಿಲ್ಲೆಯ ಒಳಗಿನ ಮೆತ್ತನೆಯ ತಿರುಳು ಗಟ್ಟಿಯಾಗಿ, ಹೊರಪೊರೆ ಹರಿದು, ಹುರಿಯ ಮೇಲೆ ಸಿಡಿದಿರುತ್ತದೆ. ಶಸ್ತ್ರವೈದ್ಯರು ಬೆನ್ನಿನ ಸ್ನಾಯುಗಳನ್ನು ಒಂದು ಬದಿಗೆ ಸರಿಸಿ, ಕಶೇರುವಿನ ಕಮಾನನ್ನು ಪಕ್ಕದಿಂದ ಸಣ್ಣ ಡ್ರಿಲ್‌ನಲ್ಲಿ ಸವೆಸಿ ಕಿಟಕಿ ತೆರೆದು, ಆ ತಿರುಳನ್ನು ಗೋರಿ ತೆಗೆಯುತ್ತಾರೆ. ಹುರಿಗೆ ಜಾಗ ಸಿಗುತ್ತದೆ. ಮುರಿದ ಕಶೇರುಗಳಾದರೆ ಸ್ಕ್ರೂ, ಪಿನ್ನು, ಪ್ಲೇಟು, ಎಲುಬಿನ ಸಿಮೆಂಟು ಹಾಕಿ ಅಲುಗದಂತೆ ಕೂಡಿಸುತ್ತಾರೆ. ಸತ್ತ ಎಳೆಗಳನ್ನು ಯಾರೂ ಹೊಲಿಯಲಾರರು. ಉಳಿದ ಎಳೆಗಳ ಮೇಲಿನ ಒತ್ತಡವನ್ನು ತೆಗೆಯಬಹುದು, ಅಷ್ಟೇ. ಮಿಕ್ಕಿದ್ದು ದೇಹದ ಕೆಲಸ, ಆರೈಕೆ ಮಾಡುವವರ ಕೆಲಸ. ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ರಸ್ತೆ ಬದಿಯಲ್ಲಿ ಒಂದೇ ಬಗೆಯಾಗಿ ಬಿದ್ದಂತೆ ಕಾಣುವ ನಾಲ್ಕು ನಾಯಿಗಳಲ್ಲಿ ಒಂದಕ್ಕೆ ವಿಶ್ರಾಂತಿ ಸಾಕು, ಒಂದಕ್ಕೆ ಶಸ್ತ್ರಚಿಕಿತ್ಸೆ ಬೇಕು, ಒಂದು ನಡೆಯಲಾರದೆಯೂ ಬದುಕಬಲ್ಲದು, ಒಂದಕ್ಕೆ ಸಾವೇ ಬಿಡುಗಡೆ. ನಾಲ್ಕಕ್ಕೂ ಒಂದೇ ಮಾತು ಹೇಳುವ ಧರ್ಮವು ಮೂರು ನಾಯಿಗಳಿಗಾದರೂ ಅನ್ಯಾಯ ಮಾಡುತ್ತದೆ.

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗಿನ ಈ ಐದು ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಬೇರೆ ಕಡೆ ಇಲ್ಲದ ಭಾರವಿದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಜಾತ್ರೆ, ಬಿಲ್ಲನ್ನೇರಿ ಗೊರವಯ್ಯ ನುಡಿಯುವ ಕಾರಣಿಕ ನಾಡಿಗೆಲ್ಲ ಗೊತ್ತು. ಮೈಲಾರಲಿಂಗನ ಒಕ್ಕಲಿನಲ್ಲಿ ನಾಯಿಗೆ ಬಾಗಿಲ ಹೊರಗಿನ ಜಾಗವಲ್ಲ, ದೇವರ ಸಂಗಡದ ಜಾಗ. ಮರಾಠಿ ಸೀಮೆಯಲ್ಲಿ ಖಂಡೋಬನಾಗಿ ಕುದುರೆಯೇರಿದ ಇದೇ ದೇವರ ಚಿತ್ರದಲ್ಲಿ ಕುದುರೆಯ ಪಕ್ಕದಲ್ಲಿ ನಾಯಿ ಓಡುತ್ತಿರುತ್ತದೆ. ಕರಿಕಂಬಳಿ ಹೊದ್ದು ಭಂಡಾರ ಹಚ್ಚಿದ ಗೊರವರು ದೋಣಿಯಲ್ಲಿ ಹಾಲು ಹಣ್ಣು ಕಲಸಿಟ್ಟು, ನಾಯಿಗಳಂತೆ ಬೊಗಳುತ್ತ, ಕೈ ಮುಟ್ಟಿಸದೆ ಬಾಯಿ ಹಾಕಿ ತಿನ್ನುವ ದೋಣಿಸೇವೆಯನ್ನು ಭಕ್ತರು ಕೈಮುಗಿದು ನೋಡುತ್ತಾರೆ. ಮನುಷ್ಯ ತನ್ನ ಮನುಷ್ಯತ್ವದ ಹಮ್ಮನ್ನು ಕೆಳಗಿಟ್ಟು ದೇವರ ನಾಯಿಯಾಗುವುದು ಇಲ್ಲಿ ಭಕ್ತಿಯ ಎತ್ತರದ ಸ್ಥಿತಿ. ಇದು ಕೇವಲ ಸಂಕೇತ, ಬೀದಿನಾಯಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಯಾರಾದರೂ ಹೇಳಬಹುದು. ಆ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಸುವನ್ನು ಪೂಜಿಸಿ ಪ್ಲಾಸ್ಟಿಕ್ ತಿನ್ನಲು ಬಿಡುವ ನಾಡು ನಮ್ಮದು. ಆದರೆ ಸಂಕೇತಕ್ಕೆ ಬಲ ಬರುವುದು ಅದು ತೋರುವ ವಸ್ತುವಿನಿಂದ. ನಿಜವಾದ ನಾಯಿಯಲ್ಲಿ ನಿಷ್ಠೆಯೂ ನೋವೂ ಇಲ್ಲದಿದ್ದರೆ ಗೊರವ ನಾಯಿಯಾಗುವುದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಕನ್ನಡ ನಾಡಿನ ಒಂದು ಕಲ್ಲು ಈ ವಿಷಯದಲ್ಲಿ ಸಂಕೇತದ ಆಚೆಗೂ ಹೋಗಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಅರಸ ಬೂತುಗ ಏನು ಬೇಕೋ ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಹಂದಿಯೂ ನಾಯಿಯೂ ಸತ್ತವು. ಮಣಲೇರ ನಾಯಿಗಾಗಿ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಎಲ್ಲರೂ ಕತೆಯನ್ನು ಇಲ್ಲಿಗೆ ನಿಲ್ಲಿಸಿ ಕನ್ನಡಿಗರ ಪ್ರಾಣಿಪ್ರೀತಿಯನ್ನು ಹೊಗಳುತ್ತಾರೆ. ನನ್ನ ಗಮನ ಶಾಸನದ ಕೊನೆಯ ಭಾಗದ ಮೇಲಿದೆ. ಆ ಜಾಗವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ಅಂಟುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ಹತ್ತನೆಯ ಶತಮಾನದ ಆ ಶಾಸನಕಾರನ ಪ್ರಕಾರ ನಾಯಿ ಪಾಪ ಮಾಡಬಲ್ಲದು, ಅಂದಮೇಲೆ ಪುಣ್ಯವನ್ನೂ ಗಳಿಸಬಲ್ಲದು. ಮನುಷ್ಯನ ಪಾಪಪುಣ್ಯ ಬರೆಯುವ ಪುಸ್ತಕದಲ್ಲೇ ನಾಯಿಯ ಲೆಕ್ಕವೂ ಇದೆ. ಅಷ್ಟೇ ಅಲ್ಲ, ನಾಯಿಗೆ ಸಲ್ಲಬೇಕಾದದ್ದನ್ನು ಸಲ್ಲಿಸದ ಮನುಷ್ಯ ಆ ಲೆಕ್ಕದ ಬಾಕಿಯನ್ನು ತಾನೇ ಹೊರುತ್ತಾನೆ.

ಈ ಬೆಳಕಿನಲ್ಲಿ “ಅದರ ಕರ್ಮ” ಎಂಬ ಮಾತನ್ನು ನೋಡಬೇಕು. ಕರ್ಮಸಿದ್ಧಾಂತವನ್ನು ನಾನು ಇಲ್ಲಿ ಅಲ್ಲಗಳೆಯುತ್ತಿಲ್ಲ, ಒಪ್ಪಿಯೇ ಮಾತಾಡುತ್ತೇನೆ. ಹಿಂದಿನ ಕರ್ಮದಿಂದ ನಾಯಿಗೆ ಈ ನೋವು ಬಂತು, ಅದನ್ನು ಉಂಡೇ ತೀರಿಸಬೇಕು, ನಡುವೆ ನಾವು ಕೈ ಹಾಕಿದರೆ ಸಾಲ ಮುಂದಿನ ಜನ್ಮಕ್ಕೆ ಉಳಿಯುತ್ತದೆ ಎಂಬುದು ಆ ವಾದದ ಬಿಗಿಯಾದ ರೂಪ. ಈ ವಾದ ನಿಜವಾದರೆ ಕೈಮುರಿದ ಮಗನನ್ನು ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ಯುವ ತಂದೆಯೂ ಮಗನ ಸಾಲವನ್ನು ಮುಂದೂಡುತ್ತಿದ್ದಾನೆ. ಹಾಗೆಂದು ಯಾರೂ ಹೇಳುವುದಿಲ್ಲ. ಕರ್ಮದ ಫಲದಲ್ಲಿ ಪೆಟ್ಟು ಸೇರಿರುವಂತೆ, ಪೆಟ್ಟಿನ ಹತ್ತಿರ ಒಬ್ಬ ಮನುಷ್ಯ ಬಂದು ನಿಂತದ್ದೂ ಸೇರಿರಬಹುದಲ್ಲವೇ? ನಾಯಿಯ ಪಾಲಿನ ಲೆಕ್ಕ ಎಲ್ಲಿ ಮುಗಿಯುತ್ತದೆ ಎಂದು ದಾರಿಹೋಕನಿಗೆ ತಿಳಿಯುವುದಿಲ್ಲ. ತನ್ನ ಲೆಕ್ಕ ಎಲ್ಲಿ ಶುರುವಾಗುತ್ತದೆ ಎಂಬುದು ಮಾತ್ರ ಖಂಡಿತ ತಿಳಿಯುತ್ತದೆ. ಅದೂ ಅಲ್ಲದೆ, ಕಾರಣದ ಎಳೆ ಹಿಡಿದು ಹೊರಟರೆ ಹಿಂದಿನ ಜನ್ಮಕ್ಕೆ ಹೋಗುವ ಮೊದಲು ನಮ್ಮ ಮನೆಯ ಬಾಗಿಲೇ ಸಿಗುತ್ತದೆ. ಹೆದ್ದಾರಿ ನಮ್ಮದು, ವೇಗ ನಮ್ಮದು, ಮಾಂಸದಂಗಡಿಯ ತ್ಯಾಜ್ಯವನ್ನು ರಸ್ತೆ ಬದಿಗೆ ಸುರಿದು ನಾಯಿಗಳನ್ನು ಅಲ್ಲಿಗೆ ಕರೆದವರು ನಾವು. ಪೇಟೆಯ ಮನೆಗಳಲ್ಲಿ ಅಕ್ಕರೆಯಿಂದ ಸಾಕುವ ಡ್ಯಾಷ್‌ಹಂಡ್ ನಾಯಿಯ ಕತೆ ಇನ್ನೂ ಸ್ಪಷ್ಟ. ಅದರ ಕುಳ್ಳ ಕಾಲಿಗೆ ಕಾರಣವಾದ ವಂಶವಾಹಿಯದೇ ಇನ್ನೊಂದು ಹೆಚ್ಚುವರಿ ಪ್ರತಿ ಬಿಲ್ಲೆಯನ್ನು ಎಳೆಯ ವಯಸ್ಸಿನಲ್ಲೇ ಒಣಗಿಸುತ್ತದೆ ಎಂದು 2017ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಬಿಲದೊಳಗೆ ನುಗ್ಗಿ ಬೇಟೆಯಾಡಲೆಂದು ಮನುಷ್ಯರು ತಲೆಮಾರುಗಟ್ಟಲೆ ಆ ಕುಳ್ಳತನವನ್ನು ಆರಿಸಿ ಆರಿಸಿ ಬೆಳೆಸಿದರು. ಆ ನಾಯಿಯ ಸೊಂಟ ಬಿದ್ದಾಗ ಕರ್ಮದ ಮಾತು ಬರುವುದಾದರೆ ಅದು ಯಾರ ಕರ್ಮ?

ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಒಳಗೆ ಬಾ ಎಂದಾಗ ಒಪ್ಪದ ಧರ್ಮರಾಯನ ಪ್ರಸಂಗವನ್ನು ಈ ಚರ್ಚೆಗೆ ಎಲ್ಲರೂ ತರುತ್ತಾರೆ. ಆ ನಾಯಿ ಕೊನೆಗೆ ಧರ್ಮದೇವತೆಯೇ ಆಗಿತ್ತು, ಆದ್ದರಿಂದ ಅದು ಸಾಮಾನ್ಯ ನಾಯಿಗೆ ಅನ್ವಯಿಸದು ಎಂದು ಕೆಲವರು ಜಾರಿಕೊಳ್ಳುತ್ತಾರೆ. ಅವನಿಗೆ ಅದು ಗೊತ್ತಿರಲಿಲ್ಲ ಎಂಬಲ್ಲೇ ಆ ಪ್ರಸಂಗದ ತಿರುಳಿದೆ. ಅವನು ಬಿಡಲೊಲ್ಲದ್ದು ನಂಬಿ ಹಿಂಬಾಲಿಸಿ ಬಂದ ಒಂದು ಬರಿಯ ನಾಯಿಯನ್ನು.

ಎರಡನೆಯ ಮಾತು, ಇಂಜೆಕ್ಷನ್ ಕೊಟ್ಟು ಮುಗಿಸಿ ಎಂಬುದು, ಹೆಚ್ಚು ಗೌರವಕ್ಕೆ ಅರ್ಹ. ಅದು ನೋವನ್ನು ಒಪ್ಪಿಕೊಂಡು ಆಡಿದ ಮಾತು. ಜೈನ ವಿಚಾರ ಇದನ್ನು ಒಪ್ಪುವುದಿಲ್ಲ; ಉಪವಾಸದಿಂದ ದೇಹ ಬಿಡುವ ಸಲ್ಲೇಖನ ವ್ರತ ತಾನಾಗಿ ಅರಿತು ಸ್ವೀಕರಿಸುವಂಥದ್ದು, ಇನ್ನೊಂದು ಜೀವದ ಪರವಾಗಿ ನಾವು ಆ ವ್ರತ ಹಿಡಿಯಲು ಬರುವುದಿಲ್ಲ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ವಾಸಿಯಾಗದ ನೋವಿನಲ್ಲಿದ್ದ ಕರುವೊಂದನ್ನು ಗಾಂಧೀಜಿ ಚುಚ್ಚುಮದ್ದು ಕೊಡಿಸಿ ಸಾಯಿಸಿದಾಗ ದೇಶದಲ್ಲಿ ದೊಡ್ಡ ಗುಲ್ಲೆದ್ದಿತು. ಅಹಿಂಸೆಯ ಪ್ರವಾದಿಯೇ ಹೀಗೆ ಮಾಡಬಹುದೇ ಎಂದು ಕೇಳಿದವರಿಗೆ ಅವರು, ಇದು ಅಹಿಂಸೆಯೇ ಎಂದು ಉತ್ತರಿಸಿದರು. ನಾನು ಗಾಂಧೀಜಿಯ ಪಕ್ಷ. ಆದರೆ ಅವರ ನಿರ್ಧಾರದ ಕ್ರಮವನ್ನು ಗಮನಿಸಬೇಕು. ಮೊದಲು ಕರುವಿಗೆ ಆರೈಕೆಯಾಯಿತು, ಚಿಕಿತ್ಸೆಗೆ ದಾರಿಯಿಲ್ಲವೆಂದು ವೈದ್ಯರಿಂದ ಖಚಿತವಾಯಿತು, ಆಶ್ರಮದವರೊಡನೆ ಚರ್ಚೆಯಾಯಿತು, ಆಮೇಲೆ ಸೂಜಿ. ಸಾವು ಅಲ್ಲಿ ಕೊನೆಯ ಮೆಟ್ಟಿಲು. ನಮ್ಮ ರಸ್ತೆ ಬದಿಯಲ್ಲಿ ಅದು ಮೊದಲ ಮೆಟ್ಟಿಲಾಗುತ್ತಿದೆ. ಕಾನೂನಿನ ಮಾತೂ ಇದೇ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ವಾಸಿಯಾಗದ ರೋಗ ಅಥವಾ ಪ್ರಾಣಾಂತಿಕ ಗಾಯವಾಗಿದೆ ಎಂದು ಸ್ಥಳೀಯ ಮೇಲ್ವಿಚಾರಣಾ ಸಮಿತಿ ನೇಮಿಸಿದ ತಂಡ ಗುರುತಿಸಿದ ಬೀದಿನಾಯಿಗೆ ಮಾತ್ರ, ಅರ್ಹ ಪಶುವೈದ್ಯರು, ನೋವಾಗದ ಕ್ರಮದಲ್ಲಿ, ದಯಾಮರಣ ಕೊಡಬಹುದು. ಅಂಥ ಸ್ಥಿತಿಗಳು ನಿಜಕ್ಕೂ ಇವೆ. ನೋವಿನ ಅರಿವು ಪೂರ್ತಿ ಹೋದ ನಾಯಿಗಳಲ್ಲಿ ಕೆಲವಕ್ಕೆ ಪೆಟ್ಟು ಬಿದ್ದ ಜಾಗದಿಂದ ಹುರಿ ಮೇಲಕ್ಕೂ ಕೆಳಕ್ಕೂ ಕರಗುತ್ತ ಹೋಗುತ್ತದೆ. ಕೆಲವೇ ದಿನಗಳಲ್ಲಿ ಮುಂಗಾಲು ಸೋಲುತ್ತವೆ, ಆಮೇಲೆ ಉಸಿರಾಟ. ಅದು ಶುರುವಾಗಿದೆ ಎಂದು ತಿಳಿದ ಮೇಲೂ ಸೂಜಿಗೆ ಹಿಂಜರಿಯುವುದು ದಯೆಯ ಹೆಸರಿನಲ್ಲಿ ಮಾಡುವ ಕ್ರೌರ್ಯ. ಶುರುವಾಗಿದೆಯೇ ಎಂದು ತಿಳಿಯಲು ಮತ್ತೆ ಮತ್ತೆ ಮುಟ್ಟಿ ನೋಡಬೇಕು. ಜೀವ ಉಳಿಸುವವರಿಗೂ ಜೀವ ಬಿಡಿಸುವವರಿಗೂ ಬೇಕಾದ ಕೆಲಸ ಒಂದೇ.

ನಡೆಯಲಾರದ ನಾಯಿಯ ಬದುಕು ಬದುಕೇ ಎಂಬ ಆಕ್ಷೇಪ ಇನ್ನೂ ಕಠಿಣವಾದದ್ದು, ಅದಕ್ಕೆ ಸಿಹಿಮಾತಿನ ಉತ್ತರ ಕೊಡಬಾರದು. ಹಿಂಗಾಲು ಬಾರದ ನಾಯಿಗೆ ದಿನಕ್ಕೆ ಮೂರು ನಾಲ್ಕು ಸಲ ಕಿಬ್ಬೊಟ್ಟೆಯನ್ನು ಎರಡೂ ಕೈಯಿಂದ ಮೆಲ್ಲಗೆ ಒತ್ತಿ ಮೂತ್ರ ತೆಗೆಯಬೇಕು. ತೆಗೆಯದಿದ್ದರೆ ಮೂತ್ರಕೋಶ ಹಿಗ್ಗಿ ಸೋಂಕು ಹತ್ತುತ್ತದೆ. ಮೆತ್ತನೆಯ ಹಾಸಿಗೆ ಬೇಕು, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಎಲುಬು ಉಬ್ಬಿದಲ್ಲಿ ಚರ್ಮ ಕಿತ್ತು ಹುಣ್ಣಾಗಿ ಬೇಸಿಗೆಯಲ್ಲಿ ಹುಳ ಬೀಳುತ್ತದೆ. ಕಾಲಿನ ಕೀಲುಗಳನ್ನು ಮಡಿಚಿ ಬಿಡಿಸಿ ಆಡಿಸಬೇಕು. ಇದು ತಿಂಗಳುಗಳ ಕೆಲಸ, ಕೆಲವು ಸಲ ಆಯುಷ್ಯದ ಕೆಲಸ. ಮಾಡುವವರಿಲ್ಲದ ಕಡೆ ಆ ನಾಯಿಯನ್ನು ಬದುಕಿಸಿ ಬಿಟ್ಟುಹೋಗುವುದು ತಪ್ಪು. ಆದರೆ ಮಾಡುವವರಿದ್ದಲ್ಲಿ, ‘ಅದಕ್ಕೆ ಎಷ್ಟು ದುಃಖವೋ’ ಎಂದು ನಮ್ಮ ದುಃಖವನ್ನು ಅದರ ಮೇಲೆ ಹೊರಿಸುವುದಕ್ಕೂ ಮಿತಿಯಿರಬೇಕು. ಬೆನ್ನುಹುರಿ ಹೋದ ಮನುಷ್ಯನನ್ನು ಹಿಂಡುವುದು ಕಾಲು ಮಾತ್ರವಲ್ಲ; ನಾಳೆ ಏನು, ಮನೆ ಹೇಗೆ, ಜನ ಏನಂದಾರು ಎಂಬ ಚಿಂತೆ. ನಾಯಿಯಲ್ಲಿ ಆ ಚಿಂತೆಯ ಗುರುತು ಕಾಣುವುದಿಲ್ಲ. ಎರಡು ಗಾಲಿಯ ಗಾಡಿಗೆ ಸೊಂಟ ಕಟ್ಟಿದರೆ ಅದು ತಟ್ಟೆಯ ಕಡೆ, ಒಡೆಯನ ಕಡೆ, ಇನ್ನೊಂದು ನಾಯಿಯ ಕಡೆ ಮೊದಲಿನ ಹುರುಪಿನಿಂದಲೇ ನುಗ್ಗುತ್ತದೆ. ನೋವಿನ ಅರಿವು ಮರಳದ ಕೆಲವು ನಾಯಿಗಳು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ ಮೇಲೆ, ಮಿದುಳಿನ ಅಪ್ಪಣೆಯಿಲ್ಲದೆ ಹುರಿಯ ಕೆಳಭಾಗದ ಬಲದಿಂದಲೇ, ತೂರಾಡುತ್ತ ಹೆಜ್ಜೆ ಹಾಕುವುದೂ ಉಂಟು. ಬದುಕು ಸಾಕೆಂದು ನಾಯಿ ಹೇಳಲಾರದು ನಿಜ. ಆದರೆ ಊಟ ಬಿಡುವುದು, ಮೂಲೆ ಸೇರುವುದು, ಕರೆದರೆ ಕಿವಿ ನಿಮಿರಿಸದಿರುವುದು ಅದರ ಭಾಷೆ. ಅದನ್ನು ಓದಬಲ್ಲವರು ಅದರ ಜೊತೆ ಇರುವವರು. ತೀರ್ಪು ಅವರದಾಗಲಿ, ದಾರಿಹೋಕರದಾಗುವುದು ಬೇಡ.

ಮನುಷ್ಯರಿಗೇ ಗತಿಯಿಲ್ಲದ ಕಡೆ ನಾಯಿಗೆ ಶಸ್ತ್ರಚಿಕಿತ್ಸೆಯೇ ಎಂದು ಕೇಳುವವರ ಸಿಟ್ಟು ನ್ಯಾಯವಾದದ್ದು. ಕೂಡ್ಲಿಗಿ, ಹರಪನಹಳ್ಳಿಗಳನ್ನು 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇರಿಸಿತ್ತು. ಮರದಿಂದ ಬಿದ್ದು, ಬೈಕಿನಿಂದ ಬಿದ್ದು ಬೆನ್ನುಹುರಿ ಹೋದ ದುಡಿಯುವ ಮನುಷ್ಯ ಇಲ್ಲಿ ಮನೆಯ ಮೂಲೆ ಹಿಡಿದರೆ ಅವನಿಗೂ ಮೂತ್ರದ ನಳಿಕೆ, ಹಾಸಿಗೆಹುಣ್ಣಿನ ಆರೈಕೆ ಸರಿಯಾಗಿ ಸಿಗುವುದು ಕಷ್ಟ. ಅವನ ಪಾಲಿನದನ್ನು ಕಿತ್ತು ನಾಯಿಗೆ ಕೊಡಿ ಎಂದು ನಾನು ಹೇಳಿದರೆ ನನ್ನ ವಾದ ಅಲ್ಲಿಗೇ ಬಿತ್ತು. ಆದರೆ ನಾನು ಮೊದಲು ಕೇಳುತ್ತಿರುವುದು ಶಸ್ತ್ರಚಿಕಿತ್ಸೆಯನ್ನಲ್ಲ, ಪರೀಕ್ಷೆಯನ್ನು. ಅದರ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ದುಬಾರಿ ಶಸ್ತ್ರಚಿಕಿತ್ಸೆ ಮಾಡಿಸುವುದು ಸಾಕಿದವರಿಗೆ ಬಿಟ್ಟ ವಿಷಯ, ಅದನ್ನು ಧರ್ಮದ ಕಟ್ಟಳೆ ಮಾಡಲಾಗದು. ಇನ್ನೊಂದನ್ನೂ ಮರೆಯಬಾರದು. ಈ ಎರಡು ಜೀವಗಳ ಹುರಿಯ ಅರಿವು ಜೊತೆಯಾಗಿಯೇ ಬೆಳೆಯುತ್ತಿದೆ. 2012ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಬೆನ್ನುಹುರಿ ಹೋಗಿದ್ದ 34 ಸಾಕುನಾಯಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಮೂಗಿನ ಒಳಪದರದಿಂದ ತೆಗೆದು ಬೆಳೆಸಿದ ಜೀವಕೋಶಗಳನ್ನು ಪೆಟ್ಟಿನ ಜಾಗಕ್ಕೆ ಚುಚ್ಚಿದಾಗ ಹಲವು ನಾಯಿಗಳ ಹಿಂಗಾಲು ಮುಂಗಾಲಿನೊಡನೆ ಹೊಂದಿಕೊಂಡು ಹೆಜ್ಜೆಯಿಡುವುದು ಸುಧಾರಿಸಿತು. ಮೂತ್ರದ ಹಿಡಿತ ಮಾತ್ರ ಮರಳಲಿಲ್ಲ. ಆ ನಾಯಿಗಳನ್ನು ಪ್ರಯೋಗಕ್ಕೆಂದು ಗಾಯಗೊಳಿಸಿರಲಿಲ್ಲ, ಅಪಘಾತದಿಂದಲೋ ರೋಗದಿಂದಲೋ ನೆಲ ಹಿಡಿದಿದ್ದ ಮನೆಯ ನಾಯಿಗಳು ಅವು. ಅವುಗಳ ಮನೆಯವರು ಕೈಬಿಟ್ಟಿದ್ದರೆ ಮನುಷ್ಯರಿಗೆ ಮುಂದೆ ದಾರಿಯಾಗಬಹುದಾದ ಆ ಅರಿವೂ ಸಿಗುತ್ತಿರಲಿಲ್ಲ.

ಹುಚ್ಚುನಾಯಿ ರೋಗದ ಭಯ ಉಳಿಯಿತು. ಅದು ಸುಳ್ಳು ಭಯವಲ್ಲ. ರೇಬೀಸ್ ಬಂದ ನಾಯಿ ಕಚ್ಚುತ್ತ ಓಡಾಡಲೇಬೇಕೆಂದಿಲ್ಲ. ಹಿಂಗಾಲು ಸೋತು, ದವಡೆ ಜೋತು, ಜೊಲ್ಲು ಸುರಿಸುತ್ತ ಒಂದೆಡೆ ಬಿದ್ದಿರಬಹುದು. ಪೆಟ್ಟಿನ ಗುರುತಿಲ್ಲದೆ ಕಾಲು ಬಿದ್ದ, ನುಂಗಲಾಗದ ನಾಯಿಯ ಬಾಯಿಗೆ ಕೈ ಹಾಕಬಾರದು. ಮುಟ್ಟಿ, ಗಾಯಕ್ಕೆ ಜೊಲ್ಲು ತಾಗಿದ್ದರೆ ಸಾಬೂನಿನಿಂದ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆಗೆ ಹೋಗಬೇಕು. ಆದರೆ ಈ ಎಚ್ಚರ ನನ್ನ ವಾದವನ್ನು ಬಲಪಡಿಸುತ್ತದೆ. ರೇಬೀಸೋ, ಕಟಿಮೂಳೆಯೋ, ಹುರಿಯೋ ಎಂದು ಬೇರ್ಪಡಿಸುವುದು ಊರಿನ ಸುರಕ್ಷೆಗೂ ಬೇಕು. ಕಲ್ಲಿನಿಂದ ಜಜ್ಜಿ ಹೂತುಬಿಟ್ಟರೆ ಅದು ಯಾವುದಾಗಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಈ ಐದು ತಾಲ್ಲೂಕುಗಳ ಜನರಲ್ಲಿ ನನ್ನ ಕೋರಿಕೆ ಚಿಕ್ಕದು. ಬಿದ್ದ ನಾಯಿಯನ್ನು ಮುಂಗಾಲು ಹಿಡಿದು ಎಳೆಯಬೇಡಿ, ನಡುವಿಗೆ ಕೈಹಾಕಿ ಎತ್ತಬೇಡಿ. ಮುರಿದ ಕಶೇರು ಸರಿದರೆ ಉಳಿದಿದ್ದ ಎಳೆಗಳೂ ತುಂಡಾಗುತ್ತವೆ. ಬಾಯಿಗೆ ಬಟ್ಟೆಯ ಪಟ್ಟಿ ಸುತ್ತಿ, ಉಸಿರಾಟಕ್ಕೆ ತೊಂದರೆಯಾಗದಂತೆ ನೋಡಿಕೊಂಡು, ಮಗ್ಗುಲಾಗಿ ಒಂದು ಹಲಗೆಯ ಮೇಲೆ ಸರಿಸಿ, ಗೋಣಿತಾಟಿನಿಂದ ಕಟ್ಟಿ, ದನದ ದವಾಖಾನೆಗೆ ಒಯ್ಯಿರಿ. ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಿ. ಅಲ್ಲಿನ ಡಾಕ್ಟರಿಗೆ ನಾಯಿಯ ಬೆರಳು ಒತ್ತಿ ಮುಖ ನೋಡಿ ಹೇಳಿರೆಂದು ಬಿನ್ನವಿಸಿಕೊಳ್ಳಿ. ವಿಶ್ರಾಂತಿ ಸಾಕು ಎಂದರೆ ಕುರಿಮರಿ ಕಟ್ಟುವ ಗೂಡಿನಷ್ಟು ಜಾಗದಲ್ಲಿ ಆರೆಂಟು ವಾರ ಇಡಿ. ಶಸ್ತ್ರಚಿಕಿತ್ಸೆ ಬೇಕು, ಸಾಕಿದವರಿಗೆ ಶಕ್ತಿಯಿದೆ ಎಂದಾದರೆ ಗದಗ, ಶಿವಮೊಗ್ಗ, ಬೆಂಗಳೂರಿನ ಹೆಬ್ಬಾಳಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನೋವಿನ ಅರಿವು ಹೋದ ಮೇಲೆ ಪ್ರತಿ ಗಂಟೆಯೂ ಮುಖ್ಯ, ನಾಳೆ ನೋಡೋಣ ಎನ್ನಬೇಡಿ. ದಾರಿಯಿಲ್ಲ ಎಂದು ಡಾಕ್ಟರು ಹೇಳಿದರೆ ಸೂಜಿಗೆ ಒಪ್ಪಿ, ಮುಗಿಯುವವರೆಗೆ ಅದರ ಹತ್ತಿರ ನಿಲ್ಲಿ.